ತೆಪ್ಪದ ತಳ, ಕೊರಮೀನಿನ ಉಸಿರು

ಗಾಳ ಹಾಕುವುದನ್ನು ಕಲಿಸಿ ಎಂದು ಬರುವ ಹುಡುಗರು ಮೊದಲು ಕೇಳುವುದು ಯಾವ ರಾಡ್, ಯಾವ ರೀಲ್, ಎಷ್ಟು ರೂಪಾಯಿ ಎಂದು. ಕೈಯಲ್ಲಿರುವ ದುಡ್ಡನ್ನು ಮೊದಲು ತೆಪ್ಪದ ತಳಕ್ಕೆ ಹಾಕಿ, ಉಳಿದದ್ದರಲ್ಲಿ ಗಾಳ ಕೊಳ್ಳಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಆದರೂ ನನ್ನ ಮಾತು ಬದಲಾಗುವುದಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮೆಷಿನ್ ರಿಪೇರಿ ಮಾಡಿಕೊಂಡು, ಕಡಕೊಳದಲ್ಲಿ ಮನೆ ಕಟ್ಟಿಕೊಂಡು, ಶಿಫ್ಟ್ ಮುಗಿದ ಹೊತ್ತನ್ನೆಲ್ಲ ಸುತ್ತಲಿನ ನೀರಿನ ಮೇಲೆ ಕಳೆದವನು ನಾನು. ಮೀನು ಸಿಗುವುದಕ್ಕೂ ತೆಪ್ಪ ಗಟ್ಟಿಯಾಗಿ, ಒಣಗಿ, ಸದ್ದಿಲ್ಲದೆ ಇರುವುದಕ್ಕೂ ಇರುವ ನಂಟು ನನಗೆ ಅಲ್ಲೇ ಗೊತ್ತಾದದ್ದು.

ಮೈಸೂರು ಬೆಳೆಯುತ್ತ ಬೆಳೆಯುತ್ತ ಕಡಕೊಳವನ್ನು ಮುಟ್ಟಿಬಿಟ್ಟಿದೆ. ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದರೆ ಕಂಟೈನರ್ ಲಾರಿಗಳು, ಕಾರ್ಖಾನೆ ಷೆಡ್ಡುಗಳು, ನಡುವೆ ಚಾಮರಾಜನಗರಕ್ಕೆ ಹೋಗುವ ರೈಲು. ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಜೊಂಡು, ತಾವರೆ, ಅಂತರಗಂಗೆ ತುಂಬಿದ ಕೆರೆಗಳು ಇನ್ನೂ ಉಳಿದಿವೆ. ತಾಂಡವಪುರ ದಾಟಿ ಮುಂದೆ ಹೋದರೆ ಕಪಿಲೆ ಹೊಳೆ. ಕೆರೆಗಳಿಗೆ ಬಿಡುವ ಮರಿ ಎಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಜಿಲೇಬಿ ಮೀನು ತನ್ನಷ್ಟಕ್ಕೆ ತಾನೇ ಎಲ್ಲ ಕಡೆ ತುಂಬಿಕೊಂಡಿದೆ. ಇವೆಲ್ಲದರ ನಡುವೆ, ಮೊದಲಿಂದಲೂ ಇಲ್ಲಿಯದೇ ಆದ ಬೇಟೆಗಾರ ಕೊರಮೀನು. ಹಾವಿನ ತಲೆ, ಉದ್ದನೆ ಮೈ, ಬಾಯಿ ತುಂಬ ಚೂಪು ಹಲ್ಲು. ನನ್ನ ಗಾಳ ಇದಕ್ಕೇ.

ಅಮೆರಿಕದ ಗಾಳದವರು ಬಾಸ್ ಮೀನಿಗೆ ಕೊಡುವ ಮರ್ಯಾದೆಯನ್ನು ನಾನು ಕೊರಮೀನಿಗೆ ಕೊಡುತ್ತೇನೆ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಎಂಬಾತ ಹಿಡಿದ ಬಾಸ್ ಹತ್ತು ಕಿಲೋ ತೂಗಿತ್ತು. ಆ ತೂಕಕ್ಕೆ ಸರಿಸಮ ಬರಲು 2009ರವರೆಗೆ ಕಾಯಬೇಕಾಯಿತು. ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಎಂಬಾತ ಹಿಡಿದ ಮೀನು ಅದು. ಬಾಸ್ ನಮ್ಮ ನೀರಿನದಲ್ಲ, ಇಲ್ಲಿಗೆ ಬರುವುದೂ ಬೇಡ; ಹೊರಗಿನ ಮೀನು ತಂದು ಬಿಟ್ಟ ಕೆರೆಗಳ ಪಾಡು ಕಣ್ಣ ಮುಂದೆಯೇ ಇದೆ. ಆದರೆ ಬಾಸ್ ಹಿಡಿಯಲೆಂದು ಅಲ್ಲಿಯವರು ರೂಪಿಸಿದ ರಬ್ಬರ್ ಕಪ್ಪೆ, ಮೊನೆ ಮುಚ್ಚಿದ ಗಾಳ, ಎಳೆದು ನಿಲ್ಲಿಸಿ ಮತ್ತೆ ಎಳೆಯುವ ಚಮತ್ಕಾರ, ಇವೆಲ್ಲ ನಮ್ಮ ಕೊರಮೀನಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂರುತ್ತವೆ. ಎರಡು ಮೀನಿನ ಸ್ವಭಾವವೂ ಒಂದೇ: ಗಿಡದ ಮರೆಯಲ್ಲಿ ಅಲುಗದೆ ನಿಂತು, ತಲೆಯ ಮೇಲೆ ಹಾದುಹೋಗುವುದನ್ನು ಹಾರಿ ಹಿಡಿಯುವುದು.

ಕೊರಮೀನಿಗೆ ಇನ್ನೊಂದು ಗುಣವಿದೆ. ಅದಕ್ಕೆ ಕಿವಿರಿನಿಂದ ಎಳೆದುಕೊಳ್ಳುವ ಉಸಿರು ಸಾಲುವುದಿಲ್ಲ. ಕಿವಿರಿನ ಮೇಲ್ಗಡೆ ಗಾಳಿಯನ್ನೇ ಹೀರುವ ಒಂದು ಅಂಗವಿದ್ದು, ಆಗಾಗ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗಲೇಬೇಕು. ಕೆರೆ ಬತ್ತಿ ಕೆಸರಾದರೂ ಅದು ಬದುಕುವುದು ಇದರಿಂದ, ಸಂತೆಯಲ್ಲಿ ಒದ್ದೆ ಬುಟ್ಟಿಯಲ್ಲಿ ಗಂಟೆಗಟ್ಟಲೆ ಜೀವ ಹಿಡಿದಿರುವುದೂ ಇದರಿಂದಲೇ. ಗಾಳದವನಿಗೆ ಇದೇ ಸುಳಿವು. ಬೆಳಗಿನ ನಿಂತ ನೀರಿನಲ್ಲಿ ಜೊಂಡಿನ ಬುಡದಲ್ಲಿ ‘ಗುಳುಕ್’ ಎಂದು ಸಣ್ಣ ಸದ್ದು, ಒಂದು ಉಂಗುರ, ಎರಡು ಗುಳ್ಳೆ. ಮೀನು ಎಲ್ಲಿದೆ ಎಂದು ಅದೇ ಹೇಳಿಬಿಟ್ಟಿದೆ. ಆ ಸದ್ದು ಕೇಳಬೇಕಾದರೆ ನಮ್ಮ ಸದ್ದು ಅಡಗಿರಬೇಕು. ಏರಿಯ ಮೇಲಿಂದ ಅಷ್ಟು ಒಳಗಿನ ಜಾಗ ಮುಟ್ಟಲಾಗುವುದಿಲ್ಲ. ತೆಪ್ಪ ಬೇಕಾಗುವುದು ಅದಕ್ಕೇ.

ನಮ್ಮ ನಾಡಿನ ತೆಪ್ಪ ಬಹಳ ಹಳೆಯದು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ಚರ್ಮ ಇರುವ ಬುಟ್ಟಿಯಾಕಾರದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಬಂತು, ಅದರ ಮೇಲೆ ಡಾಂಬರು ಬಂತು. ಈಗ ತಲಕಾಡು, ಶ್ರೀರಂಗಪಟ್ಟಣದಂಥ ಕಡೆ ಫೈಬರ್ ತೆಪ್ಪಗಳೇ ಹೆಚ್ಚು. ಬಿದಿರಿನ ತೆಪ್ಪ ಹಗುರ, ಮೀನಿಗೆ ಸದ್ದೂ ಕಡಿಮೆ. ಆದರೆ ಪ್ರತಿ ವರ್ಷ ಡಾಂಬರು ಬಳಿಯಬೇಕು, ದಬ್ಬೆ ಬದಲಿಸಬೇಕು, ಹೆಣೆಯುವ ಕೈಗಳೂ ಅಪರೂಪವಾಗುತ್ತಿವೆ. ನನ್ನದು ಮೀನು ಹಿಡಿಯುವವರೊಬ್ಬರ ಕೈಯಲ್ಲಿ ಸವೆದ, ಹಳೆಯ ಫೈಬರ್ ತೆಪ್ಪ.

ಹಳೇ ತೆಪ್ಪ ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಮೊದಲು ಬೋರಲು ಹಾಕಿಸಿ. ಐದು ರೂಪಾಯಿ ನಾಣ್ಯ ಹಿಡಿದು ತಳದ ಮಧ್ಯದಿಂದ ಅಂಚಿನವರೆಗೆ ಬಡಿಯುತ್ತ ಬನ್ನಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ಪದರ ಬಿಟ್ಟುಕೊಂಡು ಒಳಗೆ ನೀರು ಸೇರಿದ ಜಾಗದ ಸದ್ದು ಮಂಕು. ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ತೆಪ್ಪವನ್ನು ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ, ಒಳಕ್ಕೆ ಕೆಲವು ಬಕೆಟ್ ನೀರು ಹುಯ್ದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೊರಗೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಬಿರುಕು ಇದೆ. ನೀರಿನಲ್ಲಿ ತೇಲಿಸಿ ಒಳಗೆ ಎಲ್ಲಿಂದ ಜಿನುಗುತ್ತದೆ ಎಂದು ಹುಡುಕುವುದಕ್ಕಿಂತ ಇದು ಸುಲಭ, ಖಚಿತ. ಮಾರುವವರು ಒಂದು ರಾತ್ರಿ ಕಾಯಲು ಒಪ್ಪದಿದ್ದರೆ ಆ ತೆಪ್ಪ ಬಿಟ್ಟುಬಿಡಿ.

ಫೈಬರ್ ಹಾಳಾಗುವುದು ನೀರಿನಲ್ಲಿ ತೇಲುವುದರಿಂದ ಅಲ್ಲ. ದಡದ ಮೇಲೆ ಎಳೆದಾಡುವುದರಿಂದ, ಬಿಸಿಲಿಗೆ ಬಿಟ್ಟುಬಿಡುವುದರಿಂದ. ಮರಳು ಕಲ್ಲಿನ ಮೇಲೆ ದರದರ ಎಳೆದಾಗ ಮೇಲಿನ ನುಣುಪು ಪದರ ತೇಯುತ್ತದೆ, ಒಳಗಿನ ನಾರು ಹೊರಗೆ ಕಾಣುತ್ತದೆ, ಆ ನಾರಿನ ದಾರಿಯಲ್ಲೇ ನೀರು ಒಳಗೆ ಹೋಗುತ್ತದೆ. ಹೀಗೆ ನೀರು ಕುಡಿದ ತೆಪ್ಪ ದಿನದಿಂದ ದಿನಕ್ಕೆ ಭಾರವಾಗುತ್ತದೆ. ಭಾರವಾದ ತೆಪ್ಪವನ್ನು ಮತ್ತಷ್ಟು ಎಳೆಯುತ್ತಾರೆ. ಇಬ್ಬರು ಎತ್ತಿಕೊಂಡು ನೀರಿಗೆ ಬಿಡುವ ಅಭ್ಯಾಸ ಒಂದೇ ಸಾಕು, ಅರ್ಧ ರಿಪೇರಿ ಉಳಿಯುತ್ತದೆ.

ಬಿರುಕು ಮುಚ್ಚುವ ಕೆಲಸ ಕಾರ್ಖಾನೆಯ ಕೈಯಿಗೆ ಕಷ್ಟವಲ್ಲ, ಆದರೆ ಆತುರಕ್ಕೆ ಅಲ್ಲಿ ಜಾಗವಿಲ್ಲ. ಹಿಂದಿನವರು ಫೈಬರ್ ಮೇಲೆಯೂ ಡಾಂಬರು ಮೆತ್ತಿದ್ದರೆ ಅದನ್ನು ಚೂರೂ ಉಳಿಯದಂತೆ ಕೆರೆಯಬೇಕು. ಡಾಂಬರಿನ ಜಿಡ್ಡಿನ ಮೇಲೆ ರೆಸಿನ್ ಹಿಡಿಯುವುದೇ ಇಲ್ಲ. ನೀರು ಕುಡಿದ ಭಾಗವನ್ನು ಬೇಸಗೆಯಲ್ಲಿ ಹಲವು ದಿನ ಒಣಗಲು ಬಿಡಬೇಕು. ಬಿರುಕಿನ ಎರಡು ತುದಿಗೂ ಡ್ರಿಲ್ಲಿನಿಂದ ಸಣ್ಣ ತೂತು ಹಾಕಿದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ; ಮೆಷಿನ್ನಿನ ಕವಚ ಸೀಳಿದಾಗ ನಾವು ಮಾಡುವುದೂ ಇದನ್ನೇ. 80ರ ಉಪ್ಪುಕಾಗದದಲ್ಲಿ ಬಿರುಕಿನ ಸುತ್ತ ಎರಡು ಮೂರು ಅಂಗುಲ ಉಜ್ಜಿ, ಹೊಳಪು ಪೂರ್ತಿ ಹೋಗುವಂತೆ ಮಾಡಿ, ಧೂಳು ಕೊಡವಿ, ಅಸಿಟೋನಿನಲ್ಲಿ ಒರೆಸಿ. ಆಮೇಲೆ ಫೈಬರ್ ಮ್ಯಾಟ್ ತುಂಡುಗಳು: ಒಂದು ಚಿಕ್ಕದು, ಅದರ ಮೇಲೆ ಸ್ವಲ್ಪ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು. ಬ್ರಷ್ಷಿನಿಂದ ಒತ್ತಿ ಒತ್ತಿ ಗಾಳಿಗುಳ್ಳೆ ಹೊರಗೆ ಹಾಕಬೇಕು. ಬಿಳಿಯಾಗಿ ಕಾಣುವ ಚುಕ್ಕೆ ಇದ್ದರೆ ಅಲ್ಲಿ ರೆಸಿನ್ ಇಳಿದಿಲ್ಲ ಎಂದು ಅರ್ಥ. ಕೈಗೆ ಎಟಕುವ ಜಾಗವಾದರೆ ಒಳಗೂ ಹೊರಗೂ ಎರಡೂ ಕಡೆ ಹಾಕಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪಾಲಿಯೆಸ್ಟರ್ ರೆಸಿನ್ ಜೊತೆ ಅಂಗಡಿಯವರು ಎರಡು ಚಿಕ್ಕ ಬಾಟಲಿ ಕೊಡುತ್ತಾರೆ. ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂತೆ ಕಾಣುವ ಹಾರ್ಡನರ್. ಈ ಎರಡನ್ನು ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ; ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲಷ್ಟೇ ಹಾರ್ಡನರ್ ಹಾಕಬೇಕು. ಹಾರ್ಡನರ್ ನೂರು ಗ್ರಾಂ ರೆಸಿನ್ನಿಗೆ ಒಂದೆರಡು ಗ್ರಾಂ ಸಾಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್, ಮನೆಯೊಳಗೆ ಬೇಡ, ಮಕ್ಕಳು ಹತ್ತಿರ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಕಲಸಿದ್ದು ನೋಡನೋಡುತ್ತ ಗಟ್ಟಿಯಾಗುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಇಷ್ಟಾದ ಮೇಲೆ ತೆಪ್ಪ ಇಡುವ ಜಾಗ. ನನ್ನದು ಮನೆ ಹಿಂದೆ, ಹಲಸಿನ ಮರದ ನೆರಳಿನಲ್ಲಿ, ಮರದ ತುಂಡುಗಳ ಮೇಲೆ ಬೋರಲು ಬಿದ್ದಿರುತ್ತದೆ. ಮೇಲೆ ಟಾರ್ಪಾಲು, ಆದರೆ ಬಿಗಿಯಾಗಿ ಸುತ್ತಿಲ್ಲ, ಗಾಳಿ ಆಡಬೇಕು. ಎತ್ತುವಾಗ ಒಂದು ಅಂಚನ್ನು ಕೋಲಿನಿಂದ ಮೇಲೆ ಮಾಡಿ ನೋಡದೆ ಕೈ ಹಾಕುವುದಿಲ್ಲ. ಆ ತಂಪಿಗೆ ಚೇಳೂ ಬರುತ್ತದೆ, ಹಾವೂ ಬರುತ್ತದೆ.

ನೀರಿನ ಮೇಲಿನ ನಡವಳಿಕೆ ನನಗೆ ಕಲಿಸಿದವರು ನಂಜನಗೂಡಿನ ಕಡೆಯ ಒಬ್ಬ ಹಿರಿಯ ಮೀನುಗಾರರು. ನಾನು ರಾಡ್ ತೋರಿಸಿ, ‘ಹೆಂಗಿದೆ ಯಜಮಾನ್ರೇ?’ ಎಂದಾಗ ಅವರು ಅದರ ಕಡೆ ನೋಡಲೂ ಇಲ್ಲ.

‘ಕೋಲು ಯಾವ್ದಾದ್ರೇನ್ ಕಣಪ್ಪ. ತೆಪ್ಪದಲ್ಲಿ ಕಾಲೂರೋದ್ ಕಲ್ತ್ಕೊ ಮೊದ್ಲು. ನೀನ್ ಧಡ್ ಅಂತ ಕಾಲಿಟ್ರೆ ಅತ್ಲಾಗಿನ್ ಕೋಡಿವರ್ಗೂ ಮೀನ್ಗೆ ಗೊತ್ತಾಯ್ತದೆ.’

ಅವರ ಮಾತಿನ ಸತ್ಯ ಅಳೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಫೈಬರ್ ತಳ ಸದ್ದನ್ನು ನೀರಿಗೆ ದಾಟಿಸುವುದರಲ್ಲಿ ಬಿದಿರಿಗಿಂತ ಜೋರು. ಆದ್ದರಿಂದ ಒಳಗೆ ಗೋಣಿಚೀಲ ಹಾಸುತ್ತೇನೆ, ಮನೆಗೆ ಬಂದ ಕೂಡಲೇ ತೆಗೆದು ಒಣಗಿಸುತ್ತೇನೆ. ಇಕ್ಕಳ, ಡಬ್ಬಿ, ನೀರಿನ ಬಾಟಲಿ ಎಲ್ಲ ಬಟ್ಟೆ ಚೀಲದಲ್ಲಿ. ತೆಪ್ಪದ ಅಂಚಿಗೆ ಹುಟ್ಟು ತಗುಲಿ ಟಕ್ ಎನ್ನದಂತೆ ಅಂಚಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ದುಂಡನೆಯ ತೆಪ್ಪ ನೆಟ್ಟಗೆ ಹೋಗುವುದು ಹುಟ್ಟನ್ನು ಮುಂದೆ ಹಾಕಿ ನಮ್ಮ ಕಡೆ ಎಳೆದುಕೊಂಡರೆ. ಪಕ್ಕದಲ್ಲಿ ಹಾಕಿದರೆ ಗಿರಗಿರ ತಿರುಗುತ್ತದೆ. ಗಾಳ ಬೀಸಿದಾಗಲೂ ಅಷ್ಟೇ, ಬೀಸಿದ ಕೈಯ ಎದುರು ದಿಕ್ಕಿಗೆ ಸುತ್ತುತ್ತದೆ. ಅದಕ್ಕೆ ಹಗ್ಗಕ್ಕೆ ಕಟ್ಟಿದ ಕಲ್ಲೊಂದನ್ನು ಮೆಲ್ಲಗೆ ಇಳಿಬಿಡುತ್ತೇನೆ. ಮೀನು ಸಿಕ್ಕಿದ ಮೇಲೆ ಇದೇ ತಿರುಗುವ ಗುಣ ನಮ್ಮ ನೆರವಿಗೆ ಬರುತ್ತದೆ. ಮೀನು ಎಳೆದತ್ತ ತೆಪ್ಪ ಹೋಗುತ್ತದೆ, ದಾರಕ್ಕೆ ಬೀಳುವ ಜಗ್ಗಾಟ ಕಡಿಮೆಯಾಗುತ್ತದೆ.

ಇನ್ನು ಗಾಳದ ವಿಷಯ. ಏಳಡಿಯ ಗಟ್ಟಿ ರಾಡ್, ಹೆಣೆದ ದಾರ, ತುದಿಯಲ್ಲಿ ಹಲ್ಲಿಗೆ ತಡೆಯುವ ದಪ್ಪ ನೈಲಾನ್ ಒಂದು ಗೇಣು. ಅಷ್ಟು ಸಾಕು. ಗಿಡದ ನಡುವಿಂದ ಮೀನನ್ನು ಎಳೆದು ತರಬೇಕಾದ್ದರಿಂದ ಸಣ್ಣ ದಾರ ಇಲ್ಲಿ ನಡೆಯುವುದಿಲ್ಲ. ರಬ್ಬರ್ ಕಪ್ಪೆಯ ಎರಡು ಮೊನೆಗಳು ಅದರ ಬೆನ್ನಿಗೆ ಅಂಟಿಕೊಂಡಿರುತ್ತವೆ, ಎಲೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಮೊನೆ ಹೊರಗೆ ಬರುತ್ತದೆ. ಮೊನೆಯ ಮುಳ್ಳನ್ನು ನಾನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಬಿಡುತ್ತೇನೆ. ಚಿಕ್ಕ ಮೀನನ್ನು ಗಾಯವಿಲ್ಲದೆ ಬಿಡಬಹುದು, ನಮ್ಮ ಬೆರಳಿಗೆ ಚುಚ್ಚಿದರೂ ಆಸ್ಪತ್ರೆಗೆ ಓಡಬೇಕಿಲ್ಲ. ಜೀವಂತ ಕಪ್ಪೆ ಕಟ್ಟುವ ಹಳೆಯ ಪದ್ಧತಿ ಬಿಟ್ಟೇಬಿಡಬೇಕು. ಕಪ್ಪೆ ಕಾಲಿನ ರಫ್ತನ್ನು ದೇಶ 1987ರಲ್ಲೇ ನಿಲ್ಲಿಸಿತು. ಗದ್ದೆಯ ಹುಳ ತಿಂದು ಬದುಕುವ ಜೀವಿ ಅದು, ರಬ್ಬರಿನದು ಇರುವಾಗ ಅದನ್ನು ಕೊಲ್ಲುವುದು ತಪ್ಪು.

ಉಸಿರಿನ ಉಂಗುರ ಕಂಡ ಜಾಗದ ಮೇಲೆಯೇ ಕಪ್ಪೆ ಬೀಳಿಸಬಾರದು. ಅದಕ್ಕಿಂತ ಒಂದೆರಡು ಮಾರು ಆಚೆ, ಎಲೆಯ ಮೇಲೆ ಬೀಳಿಸಿ. ಅಲೆ ಅಡಗುವವರೆಗೆ ಸುಮ್ಮನಿರಿ. ಆಮೇಲೆ ರಾಡಿನ ತುದಿ ಸ್ವಲ್ಪ ಕುಣಿಸುತ್ತ ಎಲೆಯಿಂದ ಎಲೆಗೆ ತನ್ನಿ. ಎಲೆ ಮುಗಿದು ಬಯಲು ನೀರು ಕಾಣುವ ಅಂಚಿನಲ್ಲಿ ನಿಲ್ಲಿಸಿ. ಕಪ್ಪೆ ನೀರಿಗೆ ಜಾರಿದ ಆ ಕ್ಷಣದಲ್ಲೇ ಬಹುಪಾಲು ಹೊಡೆತ ಬೀಳುವುದು. ನೀರು ಸಿಡಿಯುತ್ತದೆ, ಎದೆ ಧಸಕ್ಕೆನ್ನುತ್ತದೆ, ಕೈ ತಾನೇ ತಾನಾಗಿ ರಾಡನ್ನು ಮೇಲೆತ್ತಲು ಹೋಗುತ್ತದೆ. ಆ ಕೈಯನ್ನು ತಡೆಯುವುದೇ ಈ ಇಡೀ ವಿದ್ಯೆಯಲ್ಲಿ ಕಷ್ಟದ್ದು. ಕೊರಮೀನು ಮೊದಲು ಹೊಡೆಯುತ್ತದೆ, ಆಮೇಲೆ ಬಾಯಿಗೆ ತೆಗೆದುಕೊಂಡು ತಿರುಗುತ್ತದೆ. ದಾರ ಬಿಗಿದು ಪಕ್ಕಕ್ಕೆ ಸರಿಯುವುದು ಕಂಡ ಮೇಲೆ ಎಳೆಯಿರಿ, ಜೋರಾಗಿ ಎಳೆಯಿರಿ, ತಲೆಯನ್ನು ಗಿಡದ ಮೇಲಕ್ಕೆ ತಂದುಬಿಡಿ. ಹೊಡೆದು ತಪ್ಪಿಸಿಕೊಂಡ ಮೀನು ಅಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮೊನೆಯನ್ನು ಮೈಯೊಳಗೆ ಹುದುಗಿಸಿದ ರಬ್ಬರ್ ಹುಳುವನ್ನು ಅದೇ ಕಂಡಿಯಲ್ಲಿ ನಿಧಾನ ಇಳಿಸಿದರೆ ಅನೇಕ ಸಲ ಹಿಡಿಯುತ್ತದೆ. ಇದೂ ಬಾಸ್ ಗಾಳದವರ ವಿದ್ಯೆಯೇ.

ಕಪಿಲೆಯ ಲೆಕ್ಕ ಬೇರೆ. ಅದು ದೊಡ್ಡ ಮೀನಿನ ಹೊಳೆ. ಪ್ರಾಣಿಗಳ ಚರ್ಮ ತುಂಬುವ ಕೆಲಸಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಇದೇ ಹೊಳೆಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಆ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯಲ್ಲಿದೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಅದಕ್ಕೆ ಲೋಕದಲ್ಲಿ ಬೇರೆ ಮನೆಯಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಡಿ. ತಪ್ಪಿ ಗಾಳಕ್ಕೆ ಬಿದ್ದರೆ ನೀರಿನಿಂದ ಎತ್ತದೆ, ಫೋಟೋಗೆ ನಿಲ್ಲದೆ ಬಿಟ್ಟುಬಿಡಿ.

ಹೊಳೆಯಲ್ಲಿ ತೆಪ್ಪ ಬಿಡಲು ನನಗೆ ಇಂದಿಗೂ ಅಂಜಿಕೆಯಿದೆ, ಆ ಅಂಜಿಕೆ ಇರಬೇಕಾದದ್ದೇ. ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗಿನ ಹೊಳೆ ಬೇಗ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿ ನಂಜನಗೂಡಿಗೂ ನಮಗೂ ದಾರಿ ಕಡಿದಿತ್ತು. 1735ರ ಹಳೆಯ ಸೇತುವೆಯ ಕಮಾನುಗಳ ನಡುವೆ ನೀರು ಹೊರಳುವ ರೀತಿ ನೋಡಿ ತೆಪ್ಪ ವಾಪಸ್ ಹೊತ್ತುಕೊಂಡು ಹೋಗುವ ಹಿರಿಯರನ್ನು ಕಂಡಿದ್ದೇನೆ. ಅವರು ಹುಟ್ಟಿ ಬೆಳೆದದ್ದೇ ಆ ನೀರಿನಲ್ಲಿ. ಅವರೇ ಹಿಂದೆ ಸರಿಯುವಾಗ ನಾವು ಮುಂದೆ ಹೋಗುವುದು ಎಂಥ ಧೈರ್ಯ? ಹೊಳೆಯಲ್ಲಿ ಮೊಸಳೆಗಳೂ ಇವೆ. ಕೆರೆಯಾಗಲಿ ಹೊಳೆಯಾಗಲಿ, ಲೈಫ್ ಜಾಕೆಟ್ ತೊಡದವರನ್ನು ನಾನು ನನ್ನ ತೆಪ್ಪಕ್ಕೆ ಹತ್ತಿಸುವುದಿಲ್ಲ.

ಅನುಮತಿಯ ವಿಷಯವನ್ನೂ ಹೇಳಬೇಕು. ಊರ ಕೆರೆ ಎಂದರೆ ಯಾರು ಬೇಕಾದರೂ ಗಾಳ ಹಾಕಬಹುದು ಎಂದುಕೊಳ್ಳಬೇಡಿ. ಬಹಳಷ್ಟು ಕೆರೆಗಳು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿರುತ್ತವೆ. ಅವರು ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ಮೊದಲು ಅವರನ್ನು ಕಂಡು ಕೇಳಿ. ಕೊರಮೀನು ಅವರ ಮರಿಗಳನ್ನು ತಿನ್ನುವುದರಿಂದ ನಗುನಗುತ್ತ ಒಪ್ಪುವವರೇ ಹೆಚ್ಚು. ಹೊಳೆಗೂ ಜಲಾಶಯಕ್ಕೂ ಇಲಾಖೆಯ ಲೈಸೆನ್ಸ್ ಮತ್ತು ನಿಯಮಗಳಿವೆ, ಕಾಡಿನ ಸೀಮೆಯೊಳಗೆ ಗಾಳ ತೆಗೆದುಕೊಂಡು ಹೋಗುವಂತೆಯೇ ಇಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಮಾತು ಒಂದು ಉಳಿದಿದೆ. ಮುಂಗಾರು ಹಿಡಿದ ಮೇಲೆ ಕೆರೆಯ ಅಂಚಿನಲ್ಲಿ ನೀರಿನ ಮೇಲೆ ಕೆಂಪಗೆ ಕುದಿಯುವಂತೆ ಕಾಣುವ ಒಂದು ತೇಪೆ ಕಣ್ಣಿಗೆ ಬೀಳುತ್ತದೆ. ಅವು ಕೊರಮೀನಿನ ಮರಿಗಳು, ನೂರಾರು, ಒಟ್ಟಿಗೆ ಉಸಿರಿಗೆ ಮೇಲೆ ಬರುತ್ತವೆ. ಅವುಗಳ ಕೆಳಗೆ ಅಪ್ಪ ಅಮ್ಮ ಎರಡೂ ಮೀನು ಕಾವಲಿಗೆ ನಿಂತಿರುತ್ತವೆ. ಆ ಹೊತ್ತಿನಲ್ಲಿ ಹಸಿವಿಲ್ಲದಿದ್ದರೂ ಅವು ಮರಿಗಳ ಬಳಿ ಬಂದ ಏನನ್ನಾದರೂ ಹೊಡೆಯುತ್ತವೆ. ಇದನ್ನು ತಿಳಿದವರು ಆ ಕೆಂಪು ಗುಂಪಿನ ಮೇಲೆಯೇ ಕಪ್ಪೆ ಎಸೆದು ದೊಡ್ಡ ಮೀನು ಎತ್ತಿಕೊಂಡು ಹೋಗುತ್ತಾರೆ. ಕಾವಲು ಹೋದ ಮರಿಗಳನ್ನು ಜಿಲೇಬಿ, ನೀರುಕಾಗೆ, ಬೇರೆ ಮೀನುಗಳು ಕಂಡಕಂಡಲ್ಲಿ ಮುಗಿಸುತ್ತವೆ. ಹೀಗೆ ಮಾಡಿ ಮಾಡಿ ಕೊರಮೀನೇ ಕಾಣದಂತಾದ ಕೆರೆಗಳು ಕಡಕೊಳದ ಸುತ್ತಲೇ ಇವೆ. ಮೀನು ಇಲ್ಲದ ಕೆರೆಗೆ ಎಂಥ ತೆಪ್ಪ ತಂದರೇನು, ಎಂಥ ರಾಡ್ ಇದ್ದರೇನು?

ಆದ್ದರಿಂದ ಗಾಳ ಹಿಡಿಯುವ ಎಲ್ಲರಲ್ಲೂ ನನ್ನದೊಂದು ವಿನಂತಿ. ಜೂನ್‌ನಿಂದ ಮಳೆ ನಿಲ್ಲುವವರೆಗೆ ಕೊರಮೀನಿನ ಗೊಡವೆಗೆ ಹೋಗಬೇಡಿ. ಬೇರೆ ಕಾಲದಲ್ಲೂ ಮರಿಗಳ ಕೆಂಪು ಗುಂಪು ಕಂಡರೆ ದಾರ ಸುತ್ತಿಕೊಳ್ಳಿ, ಹುಟ್ಟು ಹಾಕಿ ಬೇರೆ ಕಡೆ ಹೊರಡಿ. ಆ ತಿಂಗಳುಗಳಲ್ಲಿ ಕೈ ಸುಮ್ಮನಿರಲಾರದಿದ್ದರೆ ಜಿಲೇಬಿ ಹಿಡಿಯಿರಿ, ಎರೆಹುಳು ಸಾಕು, ಎಷ್ಟು ಹಿಡಿದರೂ ಕೆರೆಗೆ ನಷ್ಟವಿಲ್ಲ.